ಹಳೆಯ ಸುಟ್ಟಗಾಯ ಮತ್ತೆ ಬಾಯಿ ಬಿಟ್ಟರೆ

ದಾವಣಗೆರೆಯ ಆಸ್ಪತ್ರೆಯೊಂದರ ಡ್ರೆಸ್ಸಿಂಗ್ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಗಾಯ ತೊಳೆದು ಪಟ್ಟಿ ಕಟ್ಟಿದವಳು ನಾನು. ಚರ್ಮದ ಕ್ಯಾನ್ಸರ್ ಬಿಳಿಯರಿಗೆ ಬರುವ ರೋಗ, ನಮಗಲ್ಲ ಎಂದು ಓದಿಕೊಂಡವರೂ ಹೇಳುವುದನ್ನು ಕೇಳಿದ್ದೇನೆ. ನಮ್ಮಲ್ಲಿ ಅದು ಕಡಿಮೆ, ನಿಜ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬಿಸಿಲಿನ ನೇರಳಾತೀತ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಆದರೆ ಬಿಸಿಲಿಗೂ ಅದಕ್ಕೂ ಸಂಬಂಧವೇ ಇಲ್ಲದ ಜಾಗಗಳಲ್ಲೂ ಅದು ಹುಟ್ಟುತ್ತದೆ: ಹಳೆಯ ಸುಟ್ಟ ಕಲೆಯಲ್ಲಿ, ಅಂಗಾಲಿನಲ್ಲಿ, ಉಗುರಿನ ಅಡಿಯಲ್ಲಿ, ಸೊಂಟದ ಲಾಡಿಯ ಗೆರೆಯಲ್ಲಿ. ಅಲ್ಲೆಲ್ಲ ಯಾರೂ ಕಣ್ಣು ಹಾಯಿಸುವುದಿಲ್ಲ.

ಮಂಡಕ್ಕಿ ಭಟ್ಟಿಯ ಒಬ್ಬರು ನನಗೆ ಇದನ್ನು ಕಲಿಸಿದರು. ಹುಡುಗನಾಗಿದ್ದಾಗ ಕಾದ ಮರಳು ಮೈಮೇಲೆ ಬಿದ್ದು ಮೊಣಕೈಯಿಂದ ಮಣಿಕಟ್ಟಿನವರೆಗೆ ಸುಟ್ಟಿತ್ತು. ಮೂವತ್ತು ವರ್ಷ ಕಳೆದ ಮೇಲೆ ಆ ಕಲೆಯ ನಡುವೆ ಒಂದು ಬಿರುಕು. ಹತ್ತಿರದ ಒಬ್ಬ ವೈದ್ಯರು ಎಂಟು ತಿಂಗಳು ಮುಲಾಮು ಬದಲಿಸುತ್ತಲೇ ಇದ್ದರು. ನಮ್ಮಲ್ಲಿ ಪಟ್ಟಿ ಬಿಚ್ಚಿದಾಗ ಗಾಯದ ಅಂಚು ರೊಟ್ಟಿಯ ಅಂಚಿನಂತೆ ದಪ್ಪಗೆ ಎದ್ದು ಹೊರಕ್ಕೆ ಮಡಚಿಕೊಂಡಿತ್ತು. ನಡುವೆ ಹೂಕೋಸಿನಂಥ ಮಾಂಸ, ಹತ್ತಿ ತಾಗಿದರೂ ರಕ್ತ. ಕೀವಿನ ವಾಸನೆಯಲ್ಲದ ಬೇರೊಂದು ವಾಸನೆ. “ನೋವೇ ಇಲ್ಲವಲ್ಲ ಅಕ್ಕಾ, ಇದೇನು ಮಹಾ ಗಾಯ” ಎಂದರು. ಆ ಮಾತಿಗೇ ನನಗೆ ಹೆದರಿಕೆಯಾಯಿತು.

ಇದಕ್ಕೆ ಮಾರ್ಜೊಲಿನ್ ಹುಣ್ಣು ಎನ್ನುತ್ತಾರೆ. ಕಲೆಗಳಲ್ಲಿ ಏಳುವ ಇಂಥ ಹುಣ್ಣನ್ನು ಫ್ರಾನ್ಸಿನ ಶಸ್ತ್ರವೈದ್ಯ ಮಾರ್ಜೊಲಿನ್ 1828ರಲ್ಲಿಯೇ ವಿವರಿಸಿದ್ದರು. ಬಹುತೇಕ ಇದು ಸ್ಕ್ವಾಮಸ್ ಸೆಲ್ ಕ್ಯಾನ್ಸರ್, ಅಂದರೆ ಚರ್ಮದ ಮೇಲ್ಪದರದ ಚಪ್ಪಟೆ ಕೋಶಗಳ ಕ್ಯಾನ್ಸರ್. ವರ್ಷಗಟ್ಟಲೆ ಒಡೆಯುತ್ತ, ಮಾಯುತ್ತ, ಮತ್ತೆ ಒಡೆಯುವ ಚರ್ಮದಲ್ಲಿ ಜೀವಕೋಶಗಳು ಹದ ತಪ್ಪುತ್ತವೆ. ಆದ್ದರಿಂದ ಇದನ್ನು ತಡೆಯುವ ಕೆಲಸ ಸುಟ್ಟ ದಿನವೇ ಶುರುವಾಗಬೇಕು. ಸುಟ್ಟ ಜಾಗವನ್ನು ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಟೂತ್‌ಪೇಸ್ಟ್, ಶಾಯಿ, ಬೂದಿ ಏನೂ ಬೇಡ. ಮೂರು ವಾರಕ್ಕೂ ಮಾಯದ ಆಳದ ಗಾಯಕ್ಕೆ ಚರ್ಮ ಕಸಿ ಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಿ. ಮಾದ ಮೇಲೆ ಕಲೆಗೆ ದಿನವೂ ಎಣ್ಣೆ ಸವರಿ, ಬಿರಿಯದಂತೆ ನೋಡಿಕೊಳ್ಳಿ.

ಸೊಂಟದ ವಿಷಯ ಹೆಂಗಸರು ನಾಚಿಕೆಯಿಂದ ಮುಚ್ಚಿಡುತ್ತಾರೆ. ಲಂಗದ ಲಾಡಿಯನ್ನು ದಿನವೂ ಒಂದೇ ಗೆರೆಯಲ್ಲಿ ಬಿಗಿಯುವುದರಿಂದ ಚರ್ಮ ಕಪ್ಪಾಗಿ, ಸಿಪ್ಪೆ ಎದ್ದು, ಅಪರೂಪಕ್ಕೆ ಅಲ್ಲಿ ಕ್ಯಾನ್ಸರ್ ಆಗುತ್ತದೆ. ವೈದ್ಯರು ಇದನ್ನು ಸೀರೆ ಕ್ಯಾನ್ಸರ್ ಎಂದೇ ಕರೆಯುತ್ತಾರೆ. ಪಂಚೆ ಬಿಗಿದು ಉಡುವ ಗಂಡಸರಿಗೂ ಇದು ತಪ್ಪಿದ್ದಲ್ಲ. ತೆಳು ದಾರದ ಬದಲು ಅಗಲ ಪಟ್ಟಿ ಹಾಕಿಸಿ, ಗಂಟಿನ ಜಾಗ ಬದಲಿಸಿ, ರಾತ್ರಿ ಸಡಿಲ ಬಿಡಿ.

ಇನ್ನು ಬಿಸಿಲು. ಹೊಲದಲ್ಲಿ ದಿನವಿಡೀ ನಿಲ್ಲುವವರಿಗೆ ತುಂಬುತೋಳಿನ ಅಂಗಿ ಮತ್ತು ತಲೆ, ಕಿವಿ, ಕತ್ತು ಮುಚ್ಚುವ ಟವೆಲ್ ಸಾಕಷ್ಟು ರಕ್ಷಣೆ. ದುಬಾರಿ ಕ್ರೀಮಿಗೆ ಅವರು ದುಡ್ಡು ಸುರಿಯಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಹುಟ್ಟಿನಿಂದಲೇ ಚರ್ಮ, ಕೂದಲು ಬೆಳ್ಳಗಿರುವ ಮಕ್ಕಳ ಮಾತು ಬೇರೆ. ಅವರಿಗೆ ಮೆಲನಿನ್ ರಕ್ಷಣೆಯೇ ಇಲ್ಲ. ಎಸ್‌ಪಿಎಫ್ 30 ಅಥವಾ ಹೆಚ್ಚಿನ ಕ್ರೀಮನ್ನು ಎರಡು ಗಂಟೆಗೊಮ್ಮೆ ಹಚ್ಚಿ, ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನೆರಳಿನಲ್ಲಿಡಿ. ಶಾಲೆಯ ಮೈದಾನದ ಪ್ರಾರ್ಥನೆಗೂ ಟೊಪ್ಪಿಗೆ ಬೇಕೆಂದು ಮೇಷ್ಟ್ರಿಗೆ ಹೇಳಿಬನ್ನಿ.

ತಿಂಗಳಿಗೊಮ್ಮೆ ಸ್ನಾನವಾದ ಮೇಲೆ ಹಗಲಿನ ಬೆಳಕಿನಲ್ಲಿ ಮೈ ನೋಡಿಕೊಳ್ಳಿ. ಅಂಗಾಲನ್ನು ಕನ್ನಡಿಯಲ್ಲಿ, ಬೆನ್ನನ್ನು ಮನೆಯವರ ಕಣ್ಣಿನಲ್ಲಿ. ಬೆರಳುಸಂದು ಬಿಡಬೇಡಿ. ಉಗುರಿಗೆ ಮೆಹಂದಿ ಹಚ್ಚುವ ಮುಂಚೆ ನೋಡಿ: ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಕಪ್ಪು ಪಟ್ಟಿ, ಅಂಗಾಲಿನಲ್ಲಿ ಬೆಳೆಯುತ್ತಿರುವ ಕಪ್ಪು ಮಚ್ಚೆ, ಎರಡು ಬಣ್ಣದ ಅಥವಾ ಅಂಕುಡೊಂಕು ಅಂಚಿನ ಮಚ್ಚೆ ಮೆಲನೋಮಾ ಇರಬಹುದು. ಚರ್ಮದ ಕ್ಯಾನ್ಸರ್‌ಗಳಲ್ಲಿ ಬೇಗ ಹರಡುವುದು ಅದು. ಕಾಲಿಗೆ ಮುಳ್ಳು ಚುಚ್ಚಿದ್ದು, ಆಣಿ ಎಂದುಕೊಂಡು ಮನೆಯಲ್ಲಿ ಬ್ಲೇಡಿನಿಂದ ಕೆತ್ತಬೇಡಿ. ಮೂಗು, ಕಣ್ಣಿನ ಪಕ್ಕದಲ್ಲಿ ಮುತ್ತಿನಂತೆ ಹೊಳೆಯುವ ಮಾಯದ ಗುಳ್ಳೆ ಕಂಡರೆ ಅದೂ ತೋರಿಸುವಂಥದ್ದೇ. ಅನುಮಾನ ಬಂದದ್ದರ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಬೆಳೆದಿದೆಯೋ ಇಲ್ಲವೋ ಎಂಬ ವಾದ ಅಲ್ಲಿಗೆ ಮುಗಿಯುತ್ತದೆ.

ಯಾವುದೇ ಗಾಯ ಒಂದೂವರೆ ತಿಂಗಳಿಗೂ ಮಾಯದಿದ್ದರೆ ಇನ್ನೊಂದು ಮುಲಾಮು ಬೇಡ, ಬಯಾಪ್ಸಿ ಕೇಳಿ. “ಕತ್ತಿ ತಾಗಿದರೆ ಹಬ್ಬುತ್ತದೆ” ಎಂಬ ಮಾತು ನಮ್ಮ ಕಡೆ ಎಷ್ಟು ಜೀವ ತೆಗೆದಿದೆಯೋ! ಬಯಾಪ್ಸಿಯಿಂದ ಕ್ಯಾನ್ಸರ್ ಹಬ್ಬುವುದಿಲ್ಲ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಅಂಚಿನಿಂದ ಕಾಳಿನಷ್ಟು ಚೂರು ತೆಗೆಯುತ್ತಾರೆ, ಅಷ್ಟೆ. ಆ ಚೂರನ್ನು ಲ್ಯಾಬಿಗೆ ನೀವೇ ಒಯ್ಯಬೇಕಾಗಿ ಬಂದರೆ ಅದು ಕೆಡದಂತೆ ಇಡುವ ಫಾರ್ಮಲಿನ್ ದ್ರವದಲ್ಲಿಯೇ ಇದೆಯೇ ಎಂದು ಕೇಳಿಕೊಳ್ಳಿ. ನೀರಿನಲ್ಲಿ ಹಾಕಿದರೆ ಕೆಡುತ್ತದೆ.

ಚಿಕಿತ್ಸೆಯಲ್ಲಿ ಮೊದಲನೆಯದು ಶಸ್ತ್ರಚಿಕಿತ್ಸೆ. ಗಡ್ಡೆಯನ್ನು ಸುತ್ತಲಿನ ಒಳ್ಳೆಯ ಚರ್ಮದ ಒಂದು ಅಂಚಿನ ಸಮೇತ ತೆಗೆದು, ದೊಡ್ಡದಾದರೆ ತೊಡೆಯ ಚರ್ಮದಿಂದ ಮುಚ್ಚುತ್ತಾರೆ. ವರದಿ ಬಂದಾಗ “ಅಂಚಿನಲ್ಲಿ ರೋಗ ಉಳಿದಿದೆಯೇ?” ಎಂದು ಕೇಳಿ. ಉಳಿದಿದ್ದರೆ ಮತ್ತೆ ಕತ್ತರಿಸಬೇಕು ಅಥವಾ ವಿಕಿರಣ ಕೊಡಬೇಕು. ಹರಡಿದ ಮೆಲನೋಮಾಕ್ಕೆ ದೇಹದ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಇಮ್ಯುನೋಥೆರಪಿ ಇದೆ, ತುಂಬ ದುಬಾರಿ. ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗದಿಂದ ಶುರು ಮಾಡಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕಾದರೆ ರೆಫರಲ್ ಪತ್ರ, ಪಡಿತರ ಚೀಟಿ, ಆಧಾರ್ ಮೂರೂ ಚೀಲದಲ್ಲಿರಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಬಯಾಪ್ಸಿಯ ಸ್ಲೈಡ್‌ಗಳನ್ನೂ ಕೇಳಿ ಪಡೆಯಿರಿ. ವರದಿ ಮಾತ್ರ ಒಯ್ದವರನ್ನು ಮತ್ತೆ ಊರಿಗೆ ಕಳಿಸಿದ್ದನ್ನು ಕಂಡಿದ್ದೇನೆ.

ಭಟ್ಟಿಯವರ ಕೈ ಉಳಿಯಿತು. ಆದರೆ ಎಂಟು ತಿಂಗಳಲ್ಲಿ ರೋಗ ಕಂಕುಳಿಗೆ ಇಳಿದಿತ್ತು. ಅಲ್ಲಿನ ದುಗ್ಧಗ್ರಂಥಿಯ ಗಂಟುಗಳನ್ನೂ ತೆಗೆದದ್ದರಿಂದ ತೋಳು ಊದಿಕೊಳ್ಳುತ್ತದೆ, ಈಗಲೂ ಬಿಗಿ ತೋಳುಚೀಲ ಹಾಕುತ್ತಾರೆ. ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಿದ್ದರು. ಒಂದು ಸಲ ಇಪ್ಪತ್ತೆರಡು ವರ್ಷದ ಮಗನನ್ನೂ ಕರೆತಂದು, ಅವನ ಮುಂಗೈಯ ಹೊಸ ಸುಟ್ಟಗಾಯವನ್ನು ನನ್ನ ಮುಂದೆ ಹಿಡಿದರು. “ಅಕ್ಕಾ, ಇದಕ್ಕೆ ಹದಿನೆಂಟು ದಿನ ಆಯಿತು.”