ಮುಖ್ಯ ಮೀನು ಒಂದು, ಉಳಿದವು ಅದಕ್ಕೆ ಒಗ್ಗುವಂಥವು: ಅಕ್ವೇರಿಯಂಗೆ ನಾನು ಮೀನು ಆರಿಸುವ ಕ್ರಮ

ಹೆಚ್ಚಿನವರು ಮೀನು ಕೊಳ್ಳುವಾಗ ಕೇಳುವುದು ‘ಇದರ ಜೊತೆ ಅದನ್ನು ಬಿಡಬಹುದಾ?’ ಅಂತ. ಹೀಗೆ ಎರಡೆರಡನ್ನೇ ತಾಳೆ ನೋಡುತ್ತ ಹೋದರೆ ನಾಲ್ಕೈದು ಜಾತಿ ಸೇರುವ ಹೊತ್ತಿಗೆ ಲೆಕ್ಕ ತಪ್ಪುತ್ತದೆ. ನಾನು ಮೊದಲು ಒಂದೇ ಒಂದು ಮುಖ್ಯ ಮೀನನ್ನು ಗೊತ್ತು ಮಾಡಿಕೊಳ್ಳುತ್ತೇನೆ. ಅದಕ್ಕೆ ಬೇಕಾದ ನೀರು, ಬಿಸಿ, ಜಾಗ, ಅದು ತಿನ್ನುವ ವೇಗ ಎಲ್ಲವನ್ನೂ ಬರೆದಿಟ್ಟು, ಅಷ್ಟಕ್ಕೂ ಒಗ್ಗುವ ಮೀನುಗಳನ್ನು ಮಾತ್ರ ಸೇರಿಸುತ್ತೇನೆ. ಇಲ್ಲಿ ಬರೆದಿರುವುದು ಪರ್ಲ್ ಗೌರಾಮಿಯನ್ನು ಮುಖ್ಯವಾಗಿಟ್ಟುಕೊಂಡು ಕಟ್ಟಿದ ಟ್ಯಾಂಕಿನ ವಿಚಾರ. 36 ಇಂಚು ಉದ್ದ, 15 ಇಂಚು ಅಗಲ, 18 ಇಂಚು ಎತ್ತರ. ಗಾಜಿನ ಅಳತೆಗೆ ಸುಮಾರು 160 ಲೀಟರ್ ಆಗುತ್ತದೆ. ಮರಳು, ಕಲ್ಲು, ಮೇಲೆ ಬಿಡುವ ಖಾಲಿ ಜಾಗ ಕಳೆದರೆ ಒಳಗೆ ನಿಲ್ಲುವ ನೀರು 130 ಲೀಟರ್ ಆಸುಪಾಸು. ಮೀನಿನ ಲೆಕ್ಕ ಹಾಕುವಾಗ ಈ ಎರಡನೇ ಸಂಖ್ಯೆಯನ್ನೇ ಹಿಡಿಯಬೇಕು.

ಮೀನಿಗಿಂತ ಮೊದಲು ನೀರನ್ನು ನೋಡಬೇಕು. ನಲ್ಲಿಯಿಂದ ಹಿಡಿದ ಕೂಡಲೇ ಪಿಎಚ್ ಅಳೆದರೆ ಸರಿಯಾದ ಅಂಕಿ ಸಿಗುವುದಿಲ್ಲ, ಏಕೆಂದರೆ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಪಿಎಚ್ಚನ್ನು ಇಳಿಸಿ ತೋರಿಸುತ್ತದೆ. ಒಂದು ಬಕೆಟ್ ನೀರಿಗೆ ಏರ್‌ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಹಾಕಿ 24 ಗಂಟೆ ಬಿಟ್ಟು ಆಮೇಲೆ ಅಳೆಯುತ್ತೇನೆ. ಗಡಸುತನಕ್ಕೆ ಜಿಎಚ್ (ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಒಟ್ಟು ಗಡಸುತನ) ಮತ್ತು ಕೆಎಚ್‌ನ (ಕಾರ್ಬೊನೇಟ್ ಗಡಸುತನ) ಹನಿ ಪರೀಕ್ಷೆಯೇ ಬೇಕು. ಟಿಡಿಎಸ್ ಮೀಟರ್ ನೀರಿನಲ್ಲಿರುವ ಎಲ್ಲ ಲವಣಗಳನ್ನೂ ಒಟ್ಟಿಗೆ ಎಣಿಸುತ್ತದೆ, ಅದರಲ್ಲಿ ಕ್ಯಾಲ್ಸಿಯಂ ಮೆಗ್ನೀಸಿಯಂ ಎಷ್ಟು ಎಂದು ಹೇಳುವುದಿಲ್ಲ. ಜಿಎಚ್ 15 ದಾಟಿದ್ದರೆ ಗೌರಾಮಿ, ರಾಸ್ಬೋರಾ, ಟೆಟ್ರಾಗಳ ಯೋಚನೆ ಬಿಟ್ಟು ಮೊಲ್ಲಿ, ಪ್ಲಾಟಿ, ಗಪ್ಪಿಗಳ ಟ್ಯಾಂಕ್ ಮಾಡುವುದೇ ಮೇಲು. ಅವಕ್ಕೆ ಗಡಸು ನೀರೇ ಹಿತ. ಆರ್‌ಒ ನೀರು ಬೆರೆಸಿ ಇಳಿಸಲೂಬಹುದು: ಜಿಎಚ್ 12ರ ನೀರಿಗೆ ಅಷ್ಟೇ ಆರ್‌ಒ ನೀರು ಸೇರಿದರೆ 6 ಆಗುತ್ತದೆ. ಆದರೆ ಪ್ರತಿ ವಾರ ನೀರು ಬದಲಿಸುವಾಗಲೂ ಅದೇ ಪ್ರಮಾಣದಲ್ಲಿ ಬೆರೆಸಬೇಕು. ಒಂದು ವಾರ ಬೆರೆಸಿ ಇನ್ನೊಂದು ವಾರ ಬಿಡುವುದಕ್ಕಿಂತ ಇರುವ ನೀರಿಗೆ ಹೊಂದುವ ಮೀನನ್ನು ತರುವುದು ಸಾವಿರ ಪಾಲು ವಾಸಿ. ನನ್ನ ಟ್ಯಾಂಕಿನ ಗುರಿ ಇಷ್ಟು: ಪಿಎಚ್ 6.8ರಿಂದ 7.4, ಜಿಎಚ್ 5ರಿಂದ 10, ಬಿಸಿ 26 ಡಿಗ್ರಿ ಸೆಲ್ಸಿಯಸ್.

ಪರ್ಲ್ ಗೌರಾಮಿ ಬೆಳೆದಾಗ 10–12 ಸೆಂಟಿಮೀಟರ್. ಸಾಧು ಮೀನು, ನಿಧಾನವಾಗಿ ತಿನ್ನುತ್ತದೆ. ಹೊಟ್ಟೆಯ ಕೆಳಗಿನ ರೆಕ್ಕೆಗಳು ಎರಡು ಉದ್ದ ಎಳೆಗಳಾಗಿರುತ್ತವೆ. ಅವನ್ನು ಮುಂದೆ ಚಾಚಿ ಕಲ್ಲು, ಎಲೆ, ಪಕ್ಕದ ಮೀನು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡುತ್ತದೆ. ಜೊತೆಗೆ ಯಾವ ಮೀನು ಸಲ್ಲದು ಎನ್ನುವುದನ್ನು ಅರ್ಧಕ್ಕರ್ಧ ಈ ಎಳೆಗಳೇ ತೀರ್ಮಾನಿಸುತ್ತವೆ. ಟೈಗರ್ ಬಾರ್ಬ್, ಸೆರ್ಪೆ ಟೆಟ್ರಾಗಳಂಥ ರೆಕ್ಕೆ ಕಚ್ಚುವ ಮೀನುಗಳ ಕಣ್ಣು ಮೊದಲು ಬೀಳುವುದೇ ಅಲ್ಲಿಗೆ. ಟೈಗರ್ ಬಾರ್ಬ್‌ಗಳನ್ನು ಎಂಟು ಹತ್ತರ ಗುಂಪಿನಲ್ಲಿಟ್ಟರೆ ತಮ್ಮತಮ್ಮಲ್ಲೇ ಅಟ್ಟಾಡಿಕೊಂಡು ಇರುತ್ತವೆ ಎನ್ನುವುದು ನಿಜ, ಆದರೂ ಗೌರಾಮಿಯ ಜೊತೆ ನಾನು ಬಿಡುವುದಿಲ್ಲ.

ಜೀಬ್ರಾ ಡ್ಯಾನಿಯೋ ಅಷ್ಟಾಗಿ ಕಚ್ಚುವುದಿಲ್ಲ, ಗಟ್ಟಿಮುಟ್ಟು, ಬೆಲೆಯೂ ಕಡಿಮೆ. ಆದರೆ ಅದರ ಚುರುಕೇ ಇಲ್ಲಿ ತೊಂದರೆ. ಗೌರಾಮಿ ಒಂದು ತುಣುಕನ್ನು ಮುಟ್ಟಿ ನೋಡಿ ಬಾಯಿ ಹಾಕುವಷ್ಟರಲ್ಲಿ ಡ್ಯಾನಿಯೋಗಳು ಮೇಲ್ಮೈಯಲ್ಲಿರುವುದನ್ನೆಲ್ಲ ಮುಗಿಸಿರುತ್ತವೆ. ಡ್ವಾರ್ಫ್ ಗೌರಾಮಿಯನ್ನೂ ಬೆಟ್ಟಾವನ್ನೂ ಸೇರಿಸುವುದಿಲ್ಲ. ಇವು ಪರ್ಲ್ ಗೌರಾಮಿಯ ಹತ್ತಿರದ ನೆಂಟರು, ನೀರಿನ ಮೇಲ್ಭಾಗದ ಅದೇ ಜಾಗಕ್ಕೆ ಗಂಡುಗಳು ಕಾದಾಡುತ್ತವೆ. ಗೋಲ್ಡ್‌ಫಿಶ್‌ಗೆ 18–22 ಡಿಗ್ರಿ ಹಿತ, ಜೊತೆಗೆ ಅದರ ಗಲೀಜು ವಿಪರೀತ. ಏಂಜಲ್ ಮೀನು ಸಣ್ಣದಿದ್ದಾಗ ಎಲ್ಲರ ಜೊತೆ ಇರುತ್ತದೆ, ಬೆಳೆದ ಮೇಲೆ ನಿಯಾನ್ ಟೆಟ್ರಾಗಳು ಒಂದೊಂದಾಗಿ ಕಾಣೆಯಾಗುತ್ತವೆ. ಬಾಯಿಗೆ ಹಿಡಿಯುವಷ್ಟು ಸಣ್ಣ ಮೀನು ಯಾವುದೇ ಇರಲಿ, ಒಂದಲ್ಲ ಒಂದು ರಾತ್ರಿ ಊಟವೇ.

ಅಂಗಡಿಯಲ್ಲಿ ಕಾಣುವುದು ಮರಿ ಎನ್ನುವುದನ್ನು ಎಲ್ಲಕ್ಕಿಂತ ಹೆಚ್ಚಾಗಿ ನೆನಪಿಡಬೇಕು. ಎರಡು ಇಂಚಿಗೆ ಸಿಗುವ ಸಾಮಾನ್ಯ ಪ್ಲೆಕೊ 30 ಸೆಂಟಿಮೀಟರ್ ಮೀರುತ್ತದೆ, ಬಾಲಾ ಶಾರ್ಕ್ ಕೂಡ ಅಷ್ಟೇ. ಚೈನೀಸ್ ಆಲ್ಗೇ ಈಟರ್ ಮರಿಯಾಗಿದ್ದಾಗ ಪಾಚಿ ತಿನ್ನುತ್ತದೆ. ದೊಡ್ಡದಾದ ಮೇಲೆ ಚಪ್ಪಟೆ ಮೈಯ ನಿಧಾನದ ಮೀನುಗಳ ಪಕ್ಕೆಗೆ ಅಂಟಿಕೊಂಡು ಮೈಮೇಲಿನ ಲೋಳೆಯನ್ನು ಹೀರುತ್ತದೆ. ಗೌರಾಮಿ ಅದಕ್ಕೆ ಹೇಳಿ ಮಾಡಿಸಿದ ಬಲಿ. ಪಾಚಿಗೆ ಬೇಕಿದ್ದರೆ 12 ಸೆಂಟಿಮೀಟರ್‌ಗೆ ನಿಲ್ಲುವ ಬ್ರಿಸಲ್‌ನೋಸ್ ಪ್ಲೆಕೊ ಒಂದು ಸಾಕು. ಇಷ್ಟು ನೀರಿಗೆ ಇಷ್ಟು ಇಂಚು ಮೀನು ಎನ್ನುವ ಲೆಕ್ಕವನ್ನೂ ನಾನು ನಂಬುವುದಿಲ್ಲ. ಅದೇ ಆಕಾರದ ಮೀನು ಉದ್ದದಲ್ಲಿ ಎರಡು ಪಟ್ಟಾದರೆ ತೂಕದಲ್ಲಿ ಸುಮಾರು ಎಂಟು ಪಟ್ಟಾಗುತ್ತದೆ, ಅದಕ್ಕೆ ತಕ್ಕಂತೆ ಗಲೀಜೂ ಏರುತ್ತದೆ.

ಕೊನೆಗೆ ಉಳಿದ ಪಟ್ಟಿ ಹೀಗಿದೆ. ಪರ್ಲ್ ಗೌರಾಮಿ ಮೂರು: ಗಂಡು ಒಂದು, ಹೆಣ್ಣು ಎರಡು. ಗಂಡಿನ ಎದೆ ಕಿತ್ತಳೆ ಬಣ್ಣ, ಬೆನ್ನಿನ ರೆಕ್ಕೆ ಉದ್ದವಾಗಿ ಚೂಪಾಗಿರುತ್ತದೆ. ಹೆಣ್ಣು ಒಂದೇ ಇದ್ದರೆ ಗೂಡು ಕಟ್ಟುವ ಕಾಲಕ್ಕೆ ಗಂಡಿನ ಕಾಟವೆಲ್ಲ ಅದರ ಮೇಲೇ ಬೀಳುತ್ತದೆ. ನಡುನೀರಿಗೆ ಹಾರ್ಲೆಕ್ವಿನ್ ರಾಸ್ಬೋರಾ ಹನ್ನೆರಡು. ಆರಕ್ಕಿಂತ ಕಡಿಮೆ ಇದ್ದರೆ ಹೆದರಿ ಮೂಲೆ ಹಿಡಿಯುತ್ತವೆ, ಬಣ್ಣವೂ ಏರುವುದಿಲ್ಲ. ತಳಕ್ಕೆ ಕೋರಿಡೋರಾಸ್ ಸ್ಟರ್ಬೈ ಆರು. ಕೋರಿಗಳಲ್ಲಿ ಹಲವಕ್ಕೆ ತಂಪು ನೀರು ಬೇಕು. ಪೆಪ್ಪರ್ಡ್ ಕೋರಿಗೆ 26 ಡಿಗ್ರಿ ಜಾಸ್ತಿಯೇ. ಸ್ಟರ್ಬೈ 24ರಿಂದ 28ರವರೆಗೂ ತಾಳುತ್ತದೆ, ಅದಕ್ಕೇ ಈ ಆಯ್ಕೆ. ತಳಕ್ಕೆ ಚೂಪು ಜಲ್ಲಿ ಹಾಕಿದರೆ ಮಣ್ಣು ಕೆದಕುವ ಇವುಗಳ ಮೀಸೆ ಸವೆಯುತ್ತದೆ, ಹಾಗಾಗಿ ನಯವಾದ ಮರಳನ್ನು ಎರಡು ಇಂಚು ಹಾಸಿದ್ದೇನೆ.

ಕೋರಿಯನ್ನು ಬಲೆಯಲ್ಲಿ ಹಿಡಿಯಬಾರದು. ಪಕ್ಕದ ರೆಕ್ಕೆಗಳ ಮುಂದೆ ಗಟ್ಟಿ ಮುಳ್ಳಿದೆ. ಗಾಬರಿಯಾದಾಗ ಅದನ್ನು ಸೆಟೆಸಿ ಬೀಗ ಹಾಕಿದಂತೆ ನಿಲ್ಲಿಸಿಬಿಡುತ್ತದೆ. ಮುಳ್ಳು ಬಲೆಯ ಕಣ್ಣಿಗೆ ಸಿಕ್ಕಿತೆಂದರೆ ಬಿಡಿಸುವಾಗ ರೆಕ್ಕೆ ಹರಿಯುತ್ತದೆ. ಪ್ಲಾಸ್ಟಿಕ್ ಡಬ್ಬಿಯನ್ನು ಮರಳಿಗೆ ತಾಗಿಸಿ ಅಡ್ಡ ಹಿಡಿದು, ಇನ್ನೊಂದು ಕೈಯಿಂದ ಮೆಲ್ಲಗೆ ಒಳಗೆ ಅಟ್ಟಬೇಕು. ಇದೇ ಮುಳ್ಳಿನಿಂದಾಗಿ, ಇದನ್ನು ನುಂಗಹೋದ ಆಸ್ಕರ್‌ನಂಥ ದೊಡ್ಡ ಮೀನಿನ ಗಂಟಲಿಗೆ ಕೋರಿ ಸಿಕ್ಕಿ ಎರಡೂ ಸಾಯುವುದುಂಟು.

ಗೌರಾಮಿ ಮೇಲೆ ಬಂದು ಗಾಳಿ ಕುಡಿಯುವ ಮೀನು, ಕೋರಿಯೂ ಆಗಾಗ ಮೇಲೆ ನುಗ್ಗಿ ಗಾಳಿ ಎಳೆದು ಇಳಿಯುತ್ತದೆ. ಆದ್ದರಿಂದ ನೀರಿನ ಮೇಲೆ ಎರಡು ಇಂಚು ಖಾಲಿ ಬಿಟ್ಟು ಮುಚ್ಚಳ ಹಾಕಬೇಕು. ಒಳಗಿನ ಗಾಳಿ ಬೆಚ್ಚಗೆ ತೇವವಾಗಿ ಉಳಿಯುತ್ತದೆ. ಫಿಲ್ಟರಿನ ನೀರನ್ನು ಗಾಜಿನ ಕಡೆಗೆ ತಿರುಗಿಸಿ ರಭಸ ತಗ್ಗಿಸಿದ್ದೇನೆ, ಮೇಲೆ ಮೂರನೇ ಒಂದು ಭಾಗದಷ್ಟು ತೇಲುವ ಗಿಡ.

ಮೀನಿಗೂ ಮೊದಲು ಟ್ಯಾಂಕ್ ಪಕ್ವವಾಗಬೇಕು, ಅಂದರೆ ಮೀನಿನ ಗಲೀಜಿನಿಂದ ಬರುವ ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಬೇಕು. ಅಮೋನಿಯಾವನ್ನು 2 ಪಿಪಿಎಂಗೆ (ಲೀಟರಿಗೆ 2 ಮಿಲಿಗ್ರಾಂ) ಏರಿಸಿ, ಅದೂ ಅದರಿಂದ ಹುಟ್ಟುವ ನೈಟ್ರೈಟೂ 24 ಗಂಟೆಯಲ್ಲಿ ಸೊನ್ನೆಗೆ ಇಳಿಯುವವರೆಗೆ ಕಾಯಬೇಕು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಪಿಎಚ್ ಹೆಚ್ಚಿದ್ದರೆ ಇನ್ನೂ ಎಚ್ಚರ ಬೇಕು. 25 ಡಿಗ್ರಿಯಲ್ಲಿ, ಪಿಎಚ್ 7ರಲ್ಲಿ ಒಟ್ಟು ಅಮೋನಿಯಾದ ಶೇ. 1ಕ್ಕಿಂತ ಕಡಿಮೆ ಭಾಗ ಕಿವಿರು ಸುಡುವ ರೂಪದಲ್ಲಿದ್ದರೆ, 8ರಲ್ಲಿ ಅದು ಶೇ. 5 ದಾಟುತ್ತದೆ.

ಬಿಡುವ ಸರದಿಗೂ ಕಾರಣವಿದೆ. ಮೊದಲು ರಾಸ್ಬೋರಾ, ಆಮೇಲೆ ಕೋರಿ, ಗಾಜಿನ ಮೇಲೆ ಪಾಚಿ ಕಂಡ ಮೇಲೆ ಬ್ರಿಸಲ್‌ನೋಸ್, ಎಲ್ಲಕ್ಕೂ ಕೊನೆಗೆ ಗೌರಾಮಿ. ಜಾಗ ಹಿಡಿಯುವ ಮೀನು ಮೊದಲೇ ಬಂದರೆ ಇಡೀ ಟ್ಯಾಂಕನ್ನು ತನ್ನದೆಂದು ತಿಳಿದು, ಆಮೇಲೆ ಬಂದವರನ್ನು ಓಡಿಸುತ್ತದೆ. ಪ್ರತಿ ಗುಂಪನ್ನೂ 40 ಲೀಟರಿನ ಬೇರೆ ತೊಟ್ಟಿಯಲ್ಲಿ ನಾಲ್ಕು ವಾರ ಇಟ್ಟು, ಬಿಳಿ ಚುಕ್ಕಿ, ಮಡಚಿದ ರೆಕ್ಕೆ, ಬಿಳಿ ದಾರದಂಥ ಮಲ ಇವನ್ನು ಗಮನಿಸುತ್ತೇನೆ. ಆ ತೊಟ್ಟಿಗೆ ಹಾಕುವ ಸ್ಪಂಜ್ ಫಿಲ್ಟರ್ ದೊಡ್ಡ ಟ್ಯಾಂಕಿನಲ್ಲೇ ಓಡುತ್ತಿದ್ದದ್ದು, ಹಾಗಾಗಿ ಅಲ್ಲಿಯೂ ಬ್ಯಾಕ್ಟೀರಿಯಾ ಸಿದ್ಧವಿರುತ್ತದೆ. ತೊಟ್ಟಿ ಖಾಲಿಯಾದ ಮೇಲೆ ಸ್ಪಂಜನ್ನು ನೇರ ವಾಪಸು ಹಾಕುವಂತಿಲ್ಲ. ತೊಳೆದು ಪೂರ್ತಿ ಒಣಗಿಸಿಯೇ ಹಾಕಬೇಕು.

ಹೊಂದಾಣಿಕೆ ಆಗಿದೆಯೇ ಎಂದು ತಿಳಿಯುವುದು ಊಟದ ಹೊತ್ತಿನಲ್ಲಿ ಮತ್ತು ದೀಪ ಆರಿಸಿದ ಒಂದು ಗಂಟೆಯ ನಂತರ, ಟಾರ್ಚಿನ ಬೆಳಕಿನಲ್ಲಿ. ಒಂದು ಮೀನು ಹೀಟರಿನ ಹಿಂದೆಯೇ ನಿಂತಿದ್ದರೆ, ಊಟಕ್ಕೂ ಹೊರಬರದಿದ್ದರೆ, ರೆಕ್ಕೆಯ ಅಂಚು ಹರಿದಿದ್ದರೆ ಯಾರೋ ಅಟ್ಟುತ್ತಿದ್ದಾರೆ ಎಂದೇ ಅರ್ಥ. ಆಗ ನಾನು ಹೊರಗೆ ತೆಗೆಯುವುದು ಅಟ್ಟುವ ಮೀನನ್ನು. ನಾಲ್ಕು ದಿನ ಬೇರೆ ಇಟ್ಟು, ಅಷ್ಟರಲ್ಲಿ ಕಲ್ಲು ಮತ್ತು ಮರದ ತುಂಡುಗಳ ಜಾಗ ಬದಲಿಸುತ್ತೇನೆ. ಮರಳಿ ಬಂದಾಗ ಹಳೆಯ ಗಡಿ ಯಾವುದೂ ಇರುವುದಿಲ್ಲ, ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಮತ್ತೆ ಶುರು ಮಾಡಿದರೆ ಆ ಮೀನಿಗೆ ಬೇರೆ ಟ್ಯಾಂಕೇ ಗತಿ. ಕೋರಿಗಳ ಹೊಟ್ಟೆ ಒಳಗೆ ಹೋಗಿದ್ದರೆ ಮೇಲಿನವರು ಏನೂ ಉಳಿಸುತ್ತಿಲ್ಲ ಎಂದು ತಿಳಿಯಬೇಕು. ಮುಳುಗುವ ಗುಳಿಗೆಗಳನ್ನು ದೀಪ ಆರಿಸಿದ ಮೇಲೆ ಎರಡು ಕಡೆ ಹಾಕಿದರೆ ವಾರದಲ್ಲಿ ಮೈ ತುಂಬಿಕೊಳ್ಳುತ್ತವೆ. ಬೆಳಗ್ಗೆ ಗುಳಿಗೆ ಮರಳಿನ ಮೇಲೆ ಉಳಿದಿದ್ದರೆ ತೆಗೆದುಹಾಕಿ, ಮಾರನೆಯ ರಾತ್ರಿ ಅರ್ಧಕ್ಕೆ ಇಳಿಸಬೇಕು.