ಡೊಂಬಿವಲಿಯ ಕನ್ನಡ ಡಿಟಿಪಿ ಮೇಜಿನಲ್ಲಿ ಲಿನಕ್ಸ್ ಮಿಂಟ್: ಮೊದಲ ಆರು ವಾರಗಳ ಅನುಭವ

ಡೊಂಬಿವಲಿ ಪೂರ್ವದಲ್ಲಿರುವ ನನ್ನ ಮನೆಯ ಹೊರಕೋಣೆಯಲ್ಲಿ ಹದಿನೆಂಟು ವರ್ಷಗಳಿಂದ ಕನ್ನಡ ಅಕ್ಷರ ಜೋಡಣೆಯ, ಅಂದರೆ ಡಿಟಿಪಿಯ, ಕೆಲಸ ನಡೆಯುತ್ತಿದೆ. ಮುಂಬಯಿಯ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳು, ತಾಳಮದ್ದಳೆಯ ಕರಪತ್ರಗಳು, ಮದುವೆಯ ಕರೆಯೋಲೆಗಳು, ವರ್ಷಕ್ಕೆ ನಾಲ್ಕೈದು ಕವನ ಸಂಕಲನಗಳು ಈ ಮೇಜಿನಿಂದ ಮುದ್ರಣಾಲಯಕ್ಕೆ ಹೋಗುತ್ತವೆ. ಈ ಅವಧಿಯಲ್ಲಿ ವಿಂಡೋಸ್ ಎಕ್ಸ್‌ಪಿಯಿಂದ ಏಳಕ್ಕೆ, ಏಳರಿಂದ ಹತ್ತಕ್ಕೆ ಬಂದಿದ್ದೆನಾದರೂ ಆ ಬದಲಾವಣೆಗಳು ಕೆಲಸವನ್ನು ಅಷ್ಟಾಗಿ ಅಲುಗಿಸಿರಲಿಲ್ಲ. ಪ್ರತಿಸಲವೂ ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಮತ್ತು ಪುಟ ವಿನ್ಯಾಸದ ಪೇಜ್‌ಮೇಕರ್ 7 ಹೊಸ ಯಂತ್ರಕ್ಕೆ ಹಾಗೆಯೇ ಬಂದು ಕುಳಿತಿದ್ದವು. ಈ ಬಾರಿ ಹಾಗಾಗಲಿಲ್ಲ. ಏನೇನಾಯಿತು ಎಂಬುದನ್ನು ನನ್ನಂತೆಯೇ ಹಳೆಯ ಫಾಂಟುಗಳಲ್ಲಿ ವರ್ಷಗಟ್ಟಲೆ ದುಡಿದವರಿಗಾಗಿ ವಿವರವಾಗಿ ಬರೆಯುತ್ತಿದ್ದೇನೆ.

2015ರ ಜುಲೈಯಲ್ಲಿ ಬಂದ ವಿಂಡೋಸ್ 10ಕ್ಕೆ ಸುರಕ್ಷತಾ ಪರಿಷ್ಕರಣೆಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ವೈಯಕ್ತಿಕ ಬಳಕೆದಾರರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಇನ್ನೊಂದು ವರ್ಷದ ರಕ್ಷಣೆ ಸಿಗುತ್ತದೆ. ಆದರೆ ಇವತ್ತು ಮುಂದೂಡಿದ ಕೆಲಸವನ್ನು ಮುಂದಿನ ದಸರೆಯ ಗಡಿಬಿಡಿಯಲ್ಲಿ ಮಾಡಬೇಕಾದೀತೆಂಬ ಅಂಜಿಕೆ ನನಗಿತ್ತು. ನನ್ನ ಯಂತ್ರ 2016ರಲ್ಲಿ ಕೊಂಡದ್ದು. ಇಂಟೆಲ್‌ನ ಆರನೆಯ ಪೀಳಿಗೆಯ ಐ5 ಪ್ರೊಸೆಸರ್, ಎಂಟು ಜಿಬಿ ರ‍್ಯಾಮ್. ವಿಂಡೋಸ್ 11 ಕೇಳುವುದು ಎಂಟನೆಯ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಸುರಕ್ಷತಾ ಸೌಲಭ್ಯ. ಹೀಗಾಗಿ ಆ ದಾರಿ ಮುಚ್ಚಿತ್ತು. ದಿನಕ್ಕೆ ಹತ್ತು ಗಂಟೆ ತಕರಾರಿಲ್ಲದೆ ದುಡಿಯುವ ಯಂತ್ರವನ್ನು ಗುಜರಿಗೆ ಕೊಡಲು ಮನಸ್ಸು ಒಪ್ಪಲಿಲ್ಲ. ಬಹಳ ಯೋಚಿಸಿದ ಮೇಲೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ 22.2 ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕುವುದೆಂದು ನಿಶ್ಚಯಿಸಿದೆ. ಅದು ಉಬುಂಟು 24.04 ಎಂಬ ಇನ್ನೊಂದು ಲಿನಕ್ಸ್ ವ್ಯವಸ್ಥೆಯ ತಳಹದಿಯ ಮೇಲೆ ನಿಂತಿರುವುದರಿಂದ 2029ರವರೆಗೆ ಪರಿಷ್ಕರಣೆಗಳು ಸಿಗುತ್ತವೆ, ಅದರ ಪರದೆಯ ವಿನ್ಯಾಸವೂ ವಿಂಡೋಸ್ ಬಳಸಿದವರಿಗೆ ಅಪರಿಚಿತವಲ್ಲ.

ಸಮಯದ ಆಯ್ಕೆಯೂ ಮುಖ್ಯ. ನವರಾತ್ರಿಯಿಂದ ಕನ್ನಡ ರಾಜ್ಯೋತ್ಸವದವರೆಗೆ ನಮ್ಮದು ಸುಗ್ಗಿಯ ಕಾಲ. ಆ ದಿನಗಳಲ್ಲಿ ಯಂತ್ರವನ್ನು ಮುಟ್ಟುವುದು ಸಲ್ಲದು. ಆದ್ದರಿಂದ ಅಕ್ಟೋಬರ್ 14ರ ನಂತರ ಅಂತರ್ಜಾಲದ ತಂತಿಯನ್ನು ಕಿತ್ತಿಟ್ಟು, ಮಿಂಚಂಚೆಯನ್ನೆಲ್ಲ ಫೋನಿನಲ್ಲಿ ನೋಡಿಕೊಂಡು ಸಂಚಿಕೆಗಳನ್ನು ಮುಗಿಸಿದೆ. ಕೊನೆಯ ಸಂಚಿಕೆ ಅಚ್ಚಿಗೆ ಹೋದ ಮೇಲೆ, ನವೆಂಬರ್ ಎರಡನೆಯ ವಾರದಲ್ಲಿ, ಮುಂಬಯಿಯ ಕಂಪ್ಯೂಟರ್ ಮಾರುಕಟ್ಟೆಯಾದ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ 240 ಜಿಬಿಯ ಒಂದು ಎಸ್‌ಎಸ್‌ಡಿ, ಅಂದರೆ ಹಾರ್ಡ್‌ಡಿಸ್ಕಿಗಿಂತ ವೇಗದ ಡಿಸ್ಕ್, ತಂದೆ. ಹಳೆಯ ಹಾರ್ಡ್‌ಡಿಸ್ಕನ್ನು ಅಳಿಸದೆ, ಹೊಸ ಡಿಸ್ಕಿಗೇ ಮಿಂಟ್ ಹಾಕಿದ್ದು ನಾನು ಮಾಡಿದ ಅತ್ಯಂತ ಸರಿಯಾದ ಕೆಲಸ ಎಂದು ಈಗಲೂ ನಂಬಿದ್ದೇನೆ. ಅನುಸ್ಥಾಪನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೆನ್‌ಡ್ರೈವಿನಿಂದ ಯಂತ್ರ ತೆರೆದು, ಡಿಸ್ಕಿಗೆ ಏನೂ ಬರೆಯದೆ ಒಂದು ದಿನ ಪರೀಕ್ಷಿಸಿ, ಮರುದಿನ ಹಾಕಿದೆ. ಅದಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ.

ನಿಜವಾದ ಕೆಲಸ ಶುರುವಾದದ್ದು ಕೀಲಿಮಣೆಯಿಂದ. ನನ್ನ ಬೆರಳುಗಳಿಗೆ ತಿಳಿದಿರುವುದು ಕೆ. ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ನಾವೆಲ್ಲ ಕಲಿತ ವಿನ್ಯಾಸ. ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಐದು ಕೀಲಿ ಒತ್ತಿದರೆ ‘ಕನ್ನಡ’ ಮೂಡಬೇಕು. ಎಫ್ ಕೀಲಿ ಒತ್ತಕ್ಷರದ ಕೊಂಡಿ. ಮಿಂಟಿನ ಕೀಲಿಮಣೆಗಳ ಪಟ್ಟಿಯಲ್ಲಿ ಅದೇ ವಿನ್ಯಾಸವನ್ನು ಸೂಚಿಸುವ ‘ಕನ್ನಡ, ಕಗಪ’ ಎಂಬ ಹೆಸರು ಕಂಡಾಗ ಬಹಳ ಸಂತೋಷವಾಯಿತು. ಅದನ್ನು ಆರಿಸಿ ‘ಊರು’ ಎಂದು ಬರೆಯಹೋದರೆ, ಊಕಾರದ ಬದಲು ಚುಕ್ಕಿಗಳ ಒಂದು ವೃತ್ತ, ಅದರ ಮಗ್ಗುಲಲ್ಲಿ ಬರೀ ಕೊಂಬು ಮೂಡಿತು. ಕಾರಣ ತಿಳಿಯಲು ಒಂದು ಸಂಜೆಯೇ ಬೇಕಾಯಿತು. ಆ ವಿನ್ಯಾಸ ಒಂದು ಕೀಲಿಗೆ ಒಂದು ಚಿಹ್ನೆ ಎಂಬ ಲೆಕ್ಕದ್ದು. ಹಿಂದೆ ವ್ಯಂಜನ ಇದೆಯೋ ಇಲ್ಲವೋ ಎಂಬುದನ್ನು ನೋಡುವುದಿಲ್ಲ. ಪದದ ಆರಂಭದಲ್ಲಿ ಪೂರ್ಣ ಸ್ವರ ಬೇಕಾದರೆ ಬಲಗಡೆಯ ಆಲ್ಟ್ ಕೀಲಿಯನ್ನೂ ಜೊತೆಗೆ ಒತ್ತಬೇಕು. ನುಡಿಯಲ್ಲಿ ಆ ವಿವೇಚನೆಯನ್ನು ತಂತ್ರಾಂಶವೇ ಮಾಡುತ್ತಿತ್ತು.

ಪರಿಹಾರ ಅದೇ ಯಂತ್ರದಲ್ಲಿ ಬೇರೆ ಕಡೆ ಇತ್ತು. ‘ಇನ್‌ಪುಟ್ ಮೆಥಡ್’ ಎಂಬ ಸಲಕರಣೆಯಲ್ಲಿ ಟೈಪಿಂಗ್ ನಿಭಾಯಿಸುವ ಐಬಸ್ ತಂತ್ರಾಂಶವನ್ನು ಆರಿಸಿ, ಹಲವು ಭಾಷೆಗಳ ಟೈಪಿಂಗ್ ವಿಧಾನಗಳಿರುವ ಅದರ ಎಂ17ಎನ್ ಪೊಟ್ಟಣವನ್ನು ಹಾಕಿಕೊಂಡು, ಒಮ್ಮೆ ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆದರೆ, ಕನ್ನಡದ ಕೆಳಗೆ ಕೆಜಿಪಿ ಎಂಬ ಇನ್ನೊಂದು ವಿಧಾನ ಸಿಗುತ್ತದೆ. ಅದು ಹಿಂದಿನ ಅಕ್ಷರವನ್ನು ನೋಡಿ ಸ್ವರವೋ ಸ್ವರಚಿಹ್ನೆಯೋ ಎಂದು ತಾನೇ ನಿರ್ಧರಿಸುತ್ತದೆ. ಲಿನಕ್ಸಿಗೆ ಬಂದ ಕನ್ನಡಿಗರು ಮೊದಲ ದಿನವೇ ‘ಇದರಲ್ಲಿ ಕನ್ನಡ ಸರಿಯಿಲ್ಲ’ ಎಂದು ಹಿಂತಿರುಗುವುದಕ್ಕೆ ಈ ಎರಡು ವಿಧಾನಗಳ ಗೊಂದಲವೇ ಕಾರಣವಿರಬಹುದೆಂದು ನನಗೆ ತೋರುತ್ತದೆ. ಎರಡರಲ್ಲಿ ಸರಿಯಾದದ್ದನ್ನು ಆರಿಸಿದ ಗಂಟೆಯಿಂದ ನನ್ನ ವೇಗ ಮೊದಲಿನಷ್ಟೇ ಇದೆ. ಮರಾಠಿ ಪುಟಗಳನ್ನು ಮಾಡಿಕೊಡುವ ನನ್ನ ಸಹಾಯಕಿ ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸವನ್ನು ಬಳಸುವವಳು. ಎಲ್ಲ ಭಾರತೀಯ ಲಿಪಿಗಳಿಗೂ ಆ ವಿನ್ಯಾಸ ಒಂದೇ ಆದ್ದರಿಂದ ಅವಳಿಗೆ ಯಾವ ತೊಡಕೂ ಆಗಲಿಲ್ಲ. ಮರಾಠಿಯ ಕಕಾರ ಇದ್ದ ಕೀಲಿಯಲ್ಲೇ ಕನ್ನಡದ ಕಕಾರವೂ ಇದೆ ಎಂಬುದನ್ನು ಕಂಡು ಈಗ ಅವಳು ಕನ್ನಡದ ಹೆಸರುಗಳನ್ನೂ ಟೈಪ್ ಮಾಡುತ್ತಾಳೆ.

ಎಲ್ಲಕ್ಕಿಂತ ದೊಡ್ಡ ಕೆಲಸವೆಂದರೆ ಹಳೆಯ ಕಡತಗಳದ್ದು. ನಾವು ಹಳೆಯ ನುಡಿ ಫಾಂಟುಗಳಲ್ಲಿ ಜೋಡಿಸಿದ್ದು ಯಂತ್ರದ ಕಣ್ಣಿಗೆ ಕನ್ನಡವೇ ಅಲ್ಲ. ‘ಕ’ ಎಂಬ ಒಂದು ಅಕ್ಷರ ಅಲ್ಲಿ ಎರಡು ತುಂಡು: ರೋಮನ್ ಲಿಪಿಯ ದೊಡ್ಡ ‘ಪಿ’, ಅದರ ಪಕ್ಕದಲ್ಲಿ ನೆತ್ತಿಯ ಮೇಲೆ ಓರೆಗೀಟಿರುವ ಒಂದು ‘ಎ’. ಆ ಪಿ ಇರುವಲ್ಲಿ ಫಾಂಟು ಕಕಾರದ ಒಡಲನ್ನೂ, ಎ ಇರುವಲ್ಲಿ ತಲೆಕಟ್ಟನ್ನೂ ಚಿತ್ರಿಸುವುದರಿಂದ ನಮಗೆ ‘ಕ’ ಕಾಣುತ್ತಿತ್ತು. ಫಾಂಟನ್ನು ತೆಗೆದರೆ ಹದಿನೆಂಟು ವರ್ಷಗಳ ಸಂಚಿಕೆಗಳು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಮಿಂಟಿನಲ್ಲಿ ಆ ಫಾಂಟುಗಳನ್ನು ಹಾಕಿದರೆ ಲಿಬ್ರೆ ಆಫೀಸ್ ಎಂಬ ಕಚೇರಿ ತಂತ್ರಾಂಶದಲ್ಲಿ ಹಳೆಯ ದಸ್ತಾವೇಜುಗಳು ಮೊದಲಿನಂತೆಯೇ ತೆರೆದುಕೊಳ್ಳುತ್ತವೆ, ಅದು ನಿಜ. ಆದರೆ ನಾನು ಬಳಸುತ್ತಿದ್ದ ನುಡಿ ವಿಂಡೋಸ್‌ಗಾಗಿ ಇದ್ದದ್ದು. ಹೊಸದಾಗಿ ಟೈಪ್ ಮಾಡುವುದೆಲ್ಲ ಇನ್ನು ಯೂನಿಕೋಡ್‌ನಲ್ಲಿ, ಅಂದರೆ ಯಂತ್ರವೂ ಕನ್ನಡವೆಂದೇ ಗುರುತಿಸುವ ಸಂಕೇತ ಪದ್ಧತಿಯಲ್ಲಿ. ಒಂದೇ ಪುಟದಲ್ಲಿ ಎರಡು ಬಗೆಯ ಕನ್ನಡ ಇಟ್ಟುಕೊಂಡು ಎಷ್ಟು ದಿನ ನಡೆಸಲಾದೀತು? ಆದ್ದರಿಂದ ಹಳೆಯದನ್ನೆಲ್ಲ ಯೂನಿಕೋಡ್‌ಗೆ ತರುವುದೆಂದು ತೀರ್ಮಾನಿಸಿದೆ. ಮೊದಲೇ ಮಾಡಬೇಕಾಗಿದ್ದ ಈ ಕೆಲಸವನ್ನು ವಿಂಡೋಸ್ 10ರ ಕೊನೆಯ ದಿನಾಂಕ ಮಾಡಿಸಿತು.

ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ, ಆದರೆ ಅವುಗಳನ್ನು ಕುರುಡಾಗಿ ನಂಬಬಾರದು. ಮೊದಲ ಸಂಚಿಕೆಯನ್ನು ಪರಿವರ್ತಿಸಿದಾಗ ‘ಸಾಮರ್ಥ್ಯ’ ಎಂಬುದೆಲ್ಲ ‘ಸಾಮಥ್ರ್ಯ’ ಆಗಿತ್ತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದರೆ ಅಕ್ಷರದ ನಂತರ ಇಡಲಾಗುತ್ತಿತ್ತು. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮವೇ ಬರಹದ ಕ್ರಮ. ರಕಾರ ಮೊದಲು, ಅನಂತರ ಥಕಾರ, ಅದರ ನಂತರ ಯಕಾರ. ‘ಸೂರ್ಯ’ದಂತಹ ಸರಳ ಪದಗಳಲ್ಲಿ ಪರಿವರ್ತಕ ರಕಾರವನ್ನು ಸರಿಯಾಗಿ ಹಿಂದಕ್ಕೆ ಒಯ್ದಿತ್ತು, ಅರ್ಕಾವತ್ತಿನ ಜೊತೆಗೆ ಇನ್ನೊಂದು ಒತ್ತೂ ಇರುವಲ್ಲಿ ಅರ್ಧ ದಾರಿಯಲ್ಲೇ ಬಿಟ್ಟಿತ್ತು. ಇದನ್ನು ಒಂದೇ ಏಟಿಗೆ ಹುಡುಕಿ ಬದಲಾಯಿಸಿಬಿಡೋಣ ಎಂದು ಹೊರಟವನು ಸಮಯಕ್ಕೆ ಸರಿಯಾಗಿ ತಡೆದುಕೊಂಡೆ. ಏಕೆಂದರೆ ‘ಸ್ವಾತಂತ್ರ್ಯ’, ‘ದಾರಿದ್ರ್ಯ’ ಎಂಬ ಪದಗಳಲ್ಲಿ ರಕಾರ ಮತ್ತು ಯಕಾರದ ಆ ಜೋಡಿ ನ್ಯಾಯವಾಗಿಯೇ ಇದೆ; ಒಟ್ಟಾರೆ ಬದಲಾಯಿಸಿದರೆ ಆಗಸ್ಟ್ ತಿಂಗಳ ಲೇಖನಗಳಲ್ಲೆಲ್ಲ ಸ್ವಾತಂತ್ರ್ಯವೇ ಕೆಡುತ್ತಿತ್ತು. ಆದ್ದರಿಂದ ಪದದಿಂದ ಪದಕ್ಕೆ ನೋಡಿ ತಿದ್ದಿದೆ, ತಿದ್ದಿದ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಈಗ ಹೊಸ ಕಡತ ಪರಿವರ್ತಿಸಿದಾಗಲೆಲ್ಲ ಆ ಪಟ್ಟಿಯನ್ನು ಮೊದಲು ಹುಡುಕುತ್ತೇನೆ.

ಎರಡನೆಯ ತೊಡಕು ಇಂಗ್ಲಿಷ್ ಪದಗಳದ್ದು. ಜಾಹೀರಾತಿನ ಪುಟಗಳಲ್ಲಿ ಹೋಟೆಲಿನ ಹೆಸರು, ವಿಳಾಸ ಇಂಗ್ಲಿಷಿನಲ್ಲಿರುತ್ತವೆ. ಬರೀ ಪಠ್ಯವನ್ನು ಪರಿವರ್ತಕಕ್ಕೆ ಕೊಟ್ಟಾಗ ಯಾವುದು ನಿಜವಾದ ಇಂಗ್ಲಿಷ್, ಯಾವುದು ಕನ್ನಡದ ವೇಷದ ಇಂಗ್ಲಿಷ್ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಅದು ವಿಳಾಸವನ್ನೂ ಕನ್ನಡದ ಚೂರುಗಳಾಗಿ ಮಾಡಿತು. ನಾನು ಕಂಡುಕೊಂಡ ಉಪಾಯವೆಂದರೆ, ಪರಿವರ್ತಿಸುವ ಮೊದಲು ಪ್ರತಿ ಇಂಗ್ಲಿಷ್ ಭಾಗವನ್ನು ತೆಗೆದು ಅದರ ಜಾಗದಲ್ಲಿ ಎರಡು ನಕ್ಷತ್ರಗಳ ನಡುವೆ ಒಂದು ಅಂಕಿಯನ್ನಿಟ್ಟು, ತೆಗೆದದ್ದನ್ನು ಬೇರೆ ಹಾಳೆಯಲ್ಲಿ ಅದೇ ಅಂಕಿಯ ಮುಂದೆ ಇಡುವುದು. ಅಂಕಿಗಳು ಪರಿವರ್ತನೆಯಲ್ಲಿ ಬದಲಾಗದೆ ಹೊರಬರುತ್ತಿದ್ದವು. ಅನಂತರ ಒಂದೊಂದನ್ನೇ ಅದರ ಸ್ಥಾನಕ್ಕೆ ಮರಳಿಸಿದೆ. ನಿಧಾನದ ಕೆಲಸ, ಆದರೆ ಒಬ್ಬ ಜಾಹೀರಾತುದಾರರ ಹೆಸರೂ ತಪ್ಪಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಪೇಜ್‌ಮೇಕರ್ ಕಡತಗಳಿಂದ ಪಠ್ಯವನ್ನು ಹೊರತೆಗೆಯುವುದನ್ನು ಹಳೆಯ ವ್ಯವಸ್ಥೆ ಇರುವಾಗಲೇ ಮಾಡಿಕೊಳ್ಳಿ. ಲಿಬ್ರೆ ಆಫೀಸಿನ ಡ್ರಾ ಎಂಬ ಚಿತ್ರ ತಂತ್ರಾಂಶ ಆ ಕಡತಗಳನ್ನು ತೆರೆಯುತ್ತದೆಯಾದರೂ ನನ್ನ ಎರಡಂಕಣದ ಪುಟಗಳು ಅದರಲ್ಲಿ ಚದುರಿಹೋದವು. ಹಳೆಯ ಡಿಸ್ಕನ್ನು ಅಳಿಸದೆ ಇಟ್ಟದ್ದರಿಂದ ವಿಂಡೋಸ್‌ಗೆ ಮರಳಿ, ಅಂತರ್ಜಾಲವಿಲ್ಲದೆ, ಮೂರು ರಾತ್ರಿ ಕುಳಿತು ಎಲ್ಲವನ್ನೂ ಬೇರೆ ತಂತ್ರಾಂಶಗಳೂ ತೆರೆಯಬಲ್ಲ ಆರ್‌ಟಿಎಫ್ ರೂಪದಲ್ಲಿ ತೆಗೆದೆ.

ಪುಟ ವಿನ್ಯಾಸಕ್ಕೆ ಈಗ ಸ್ಕ್ರೈಬಸ್ 1.6 ಬಳಸುತ್ತಿದ್ದೇನೆ. ಮೊದಲು ಇದರಲ್ಲಿ ಭಾರತೀಯ ಲಿಪಿಗಳ ಒತ್ತಕ್ಷರ ಕೂಡುತ್ತಿರಲಿಲ್ಲ. ಈಗ ಅಕ್ಷರಗಳನ್ನು ಕೂಡಿಸುವ ಹಾರ್ಫ್‌ಬಜ್ ತಂತ್ರಾಂಶ ಸೇರಿದ ಮೇಲೆ ಒತ್ತುಗಳು ಚೊಕ್ಕವಾಗಿ ಕೂರುತ್ತವೆ. ಆದರೆ ಪೇಜ್‌ಮೇಕರ್‌ನ ಅಭ್ಯಾಸವಿದ್ದವರು ಒಂದು ಸಂಗತಿ ತಿಳಿದಿರಬೇಕು. ಫಾಂಟಿನಲ್ಲಿ ದಪ್ಪ ಅಕ್ಷರದ ರೂಪ ಇಲ್ಲದಿದ್ದರೆ ಸ್ಕ್ರೈಬಸ್ ಅದನ್ನು ತಾನಾಗಿ ದಪ್ಪ ಮಾಡಿ ತೋರಿಸುವುದಿಲ್ಲ. ಒಳಪುಟಗಳಿಗೆ ನಾನು ಮೆಚ್ಚಿದ ತಿರೋ ಕನ್ನಡ ಫಾಂಟಿನಲ್ಲಿ ಸಾದಾ ಮತ್ತು ಓರೆ ರೂಪಗಳು ಮಾತ್ರ ಇವೆ. ಆದ್ದರಿಂದ ಶೀರ್ಷಿಕೆಗಳಿಗೆ ಅನೇಕ್ ಕನ್ನಡ, ಕರಪತ್ರದ ದೊಡ್ಡ ಅಕ್ಷರಗಳಿಗೆ ಬಾಲೂ ತಮ್ಮ ಆರಿಸಿಕೊಂಡೆ. ಇವೆರಡನ್ನೂ ರೂಪಿಸಿದ್ದು ನಮ್ಮ ಮುಂಬಯಿಯದೇ ಆದ ಏಕ್ ಟೈಪ್ ತಂಡ ಎಂಬುದು ನನಗೆ ಹೆಮ್ಮೆಯ ವಿಷಯ. ಹಿಂದೆ ಹತ್ತು ಹನ್ನೆರಡು ಫಾಂಟುಗಳಲ್ಲಿ ಕಣ್ಣಿಗೆ ಹಬ್ಬ ಮಾಡುತ್ತಿದ್ದ ಕರೆಯೋಲೆಗಳಿಗೆ ಈಗಿನ ಆಯ್ಕೆ ಕಡಿಮೆ ಎಂದು ಕೆಲವು ಗಿರಾಕಿಗಳು ಹೇಳಿದ್ದಾರೆ. ಅವರ ಮಾತನ್ನು ನಾನು ಅಲ್ಲಗಳೆಯಲಾರೆ.

‘ಸಾಫ್ಟ್‌ವೇರ್’, ‘ರ‍್ಯಾಲಿ’ ಎಂಬಂತಹ ಪದಗಳಲ್ಲಿ ಕಣ್ಣಿಗೆ ಕಾಣದ ಒಂದು ಜೋಡಕ ಅಥವಾ ಬಿಡಿಸುವ ಚಿಹ್ನೆ ಬೇಕಾಗುತ್ತದೆ. ಅದಿಲ್ಲದಿದ್ದರೆ ವಕಾರ ಟಕಾರದ ಕೆಳಗೆ ಒತ್ತಾಗಿ ಇಳಿಯುತ್ತದೆ, ರಕಾರ ಅರ್ಕಾವತ್ತಾಗಿ ಅತ್ತ ಹೋಗುತ್ತದೆ. ಕರಡು ತಿದ್ದುವವರಿಗೆ ಇದನ್ನು ವಿವರಿಸಿ ಹೇಳಿದ್ದೇನೆ. ಅಚ್ಚಿನಲ್ಲಿ ಕಾಣುವ ಇಂಥ ತಪ್ಪು ಬೆರಳಿನದ್ದೇ ಹೊರತು ಫಾಂಟಿನದ್ದಲ್ಲ.

ಪ್ರಿಂಟರ್ ವಿಷಯದಲ್ಲಿ ನಿರಾಶೆಯಾಯಿತು. ನನ್ನ ಹಳೆಯ ಲೇಸರ್ ಪ್ರಿಂಟರಿಗೆ ಈಗಿನ ಲಿನಕ್ಸಿನಲ್ಲಿ ನಡೆಯುವ ಚಾಲಕ ತಂತ್ರಾಂಶವನ್ನು ತಯಾರಕರು ಕೊಟ್ಟಿಲ್ಲ. ಎರಡು ದಿನ ಹೆಣಗಿ ಕೈಬಿಟ್ಟೆ. ಮುದ್ರಣಾಲಯಕ್ಕೆ ಹೋಗುವುದು ಪಿಡಿಎಫ್ ಆದ್ದರಿಂದ ಕೆಲಸ ನಿಂತಿಲ್ಲ, ಕರಡು ಪ್ರತಿಗಾಗಿ ಮಾತ್ರ ಪಕ್ಕದ ಜೆರಾಕ್ಸ್ ಅಂಗಡಿಗೆ ನಡೆಯಬೇಕಾಗಿದೆ. ಬದಲಾಯಿಸುವ ಯೋಚನೆಯಿರುವವರು ಪೆನ್‌ಡ್ರೈವಿನಿಂದ ಪರೀಕ್ಷಿಸುವ ದಿನವೇ ಪ್ರಿಂಟರನ್ನು ಜೋಡಿಸಿ ನೋಡಲಿ.

ಉಳಿದದ್ದು ಹಿತಕರವಾಗಿದೆ. ಯಂತ್ರ ಈಗ ಬೇಗ ತೆರೆಯುತ್ತದೆ, ಅದರ ಶ್ರೇಯಸ್ಸಿನಲ್ಲಿ ಹೆಚ್ಚಿನ ಪಾಲು ಎಸ್‌ಎಸ್‌ಡಿಗೆ ಸಲ್ಲಬೇಕು. ಪರದೆಯ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿಕೊಂಡಿದ್ದೇನೆ. ಅನುವಾದ ಎಲ್ಲ ಕಡೆ ಪೂರ್ಣವಾಗಿಲ್ಲ, ಆದರೂ ‘ಕಡತ’, ‘ಉಳಿಸು’ ಎಂದು ದಿನವೂ ಓದುವುದು ನನಗೆ ಇಷ್ಟ. ದಾನಿಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಲು ಹಿಂದೆ ಇಡೀ ಮಧ್ಯಾಹ್ನ ಬೇಕಾಗುತ್ತಿತ್ತು, ಏಕೆಂದರೆ ಹಳೆಯ ಫಾಂಟಿನ ಪಠ್ಯವನ್ನು ಯಂತ್ರ ರೋಮನ್ ಕ್ರಮದಲ್ಲಿ ಜೋಡಿಸುತ್ತಿತ್ತು. ಈಗ ಲಿಬ್ರೆ ಆಫೀಸಿನಲ್ಲಿ ಒಂದು ಗುಂಡಿ ಒತ್ತಿದರೆ ‘ಅನಂತ’ರಿಂದ ‘ಹರೀಶ’ರವರೆಗೆ ಸಾಲಾಗಿ ನಿಲ್ಲುತ್ತಾರೆ.

ಡಿಸೆಂಬರ್ ಮೂರನೆಯ ವಾರದಲ್ಲಿ ಘಾಟ್ಕೋಪರ್‌ನಿಂದ ಹಿರಿಯರೊಬ್ಬರು ಫೋನ್ ಮಾಡಿದರು. ಹಗಲಿಡೀ ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದ ತಮ್ಮ ಅಣ್ಣನ ಬಗ್ಗೆ ಯಾವುದೋ ಸಂಚಿಕೆಯಲ್ಲಿ ಬರೆದಿದ್ದರಂತೆ. ವರ್ಷ ನೆನಪಿಲ್ಲ, ಶೀರ್ಷಿಕೆ ನೆನಪಿಲ್ಲ, ಅವರಲ್ಲಿದ್ದ ಸಂಚಿಕೆಯ ಪ್ರತಿಯು ಮಳೆಗಾಲದಲ್ಲಿ ನೆನೆದು ಹಾಳಾಗಿತ್ತು. ಮೊದಲಾಗಿದ್ದರೆ ಕ್ಷಮೆ ಕೇಳಿ ಫೋನ್ ಇಡುತ್ತಿದ್ದೆ. ಈ ಸಲ ‘ರಾತ್ರಿ ಶಾಲೆ’ ಎಂದು ಟೈಪ್ ಮಾಡಿ ಹುಡುಕಿದೆ. ಪರಿವರ್ತಿಸಿದ್ದ ಸಂಚಿಕೆಗಳಿಂದ ಏಳು ಲೇಖನಗಳು ಬಂದವು. ನಾಲ್ಕನೆಯದು ಅವರದು, 2011ರದ್ದು. ಪಿಡಿಎಫ್ ಮಾಡಿ ಕಳಿಸುವ ಮೊದಲು ಒಮ್ಮೆ ಓದಿದೆ. ಎರಡನೆಯ ಪ್ಯಾರಾದಲ್ಲಿ ‘ಸಾಮಥ್ರ್ಯ’ ಹಾಗೆಯೇ ಉಳಿದಿತ್ತು. ತಿದ್ದಿ, ಕಳಿಸಿದೆ.