ಟ್ಯೂಬ್‌ಲೈಟ್ ಕೆಳಗೆ ದಾಸವಾಳದ ಕಡ್ಡಿಗೆ ಬೇರು ಬರಿಸೋದು ಹೇಗೆ?

ತುಮಕೂರಿನಲ್ಲಿ ಬಾಡಿಗೆ ಮನೆ, ಬಾಲ್ಕನಿಗೆ ಬಿಸಿಲೇ ಬೀಳಲ್ಲ ಅನ್ನುವವರಿಗೆ ಇದು. ಗಿಡಕ್ಕೆಂದೇ ಮಾರುವ ದುಬಾರಿ ಗ್ರೋ ಲೈಟ್ ಏನೂ ಬೇಡ. ಬೇರು ಬರುವ ತನಕ ಕಡ್ಡಿಗೆ ಜಾಸ್ತಿ ಬೆಳಕು ಬೇಕಾಗಿಲ್ಲ, ಮಾಮೂಲಿ 20 ವ್ಯಾಟ್‌ನ ಬಿಳಿ ಎಲ್‌ಇಡಿ ಟ್ಯೂಬ್ ಸಾಕು. ಎಲೆಯಿಂದ ಒಂದು ಗೇಣು ಮೇಲೆ ಕಟ್ಟಿ, ದಿನಕ್ಕೆ 14ರಿಂದ 16 ಗಂಟೆ ಉರಿಸಿ, ರಾತ್ರಿ ಆರಿಸಿ. ಮಧ್ಯೆ ಕರೆಂಟ್ ಹೋದರೆ ತಲೆ ಕೆಡಿಸಿಕೊಳ್ಳಬೇಡಿ.

ಕಡ್ಡಿ ಮಾತ್ರ ನೋಡಿ ಆರಿಸಿ. ತೀರಾ ಎಳೆಯದೂ ಅಲ್ಲ, ಪೂರ್ತಿ ಬಲಿತದ್ದೂ ಅಲ್ಲ, ಪೆನ್ಸಿಲ್ ದಪ್ಪ ಇದ್ದು ನಾಲ್ಕೈದು ಗೆಣ್ಣು ಇರಬೇಕು. ಕೆಳಗಿನ ಗೆಣ್ಣಿನ ಸ್ವಲ್ಪ ಕೆಳಗೆ ಹೊಸ ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಮೇಲಿನ ಎರಡು ಎಲೆ ಬಿಟ್ಟು ಉಳಿದದ್ದು ತೆಗೆದುಬಿಡಿ, ಆ ಎರಡನ್ನೂ ಅರ್ಧಕ್ಕೆ ಕತ್ತರಿಸಿ, ಮೊಗ್ಗಿದ್ದರೆ ಪಾಪ ಅಂತ ಬಿಡದೆ ಚಿವುಟಿ ಹಾಕಿ.

ಕಡ್ಡಿ ನೆಡೋಕೆ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ ಬೇಕು. ತೆಂಗಿಗೆ ಹೆಸರಾದ ತಿಪಟೂರು ಇರುವ ಜಿಲ್ಲೆ ನಮ್ಮದು, ಅದಕ್ಕೆ ಬರ ಇಲ್ಲ ಅಲ್ವಾ! ಆದರೆ ಅದರಲ್ಲಿ ಉಪ್ಪಿನಂಶ ಇರಬಹುದು, ಎರಡು ಮೂರು ಸಲ ತೊಳೆದೇ ಬಳಸಿ. ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಬಂದರೆ ಹದ ಸರಿ. ನೀರು ಸುರಿದರೆ ಕಡ್ಡಿ ಕೊಳೆಯುತ್ತೆ. ಮೇಲೆ ಅರ್ಧ ಕತ್ತರಿಸಿದ ನೀರಿನ ಬಾಟಲಿ ಬೋರಲು ಹಾಕಿ, ದಿನಕ್ಕೊಮ್ಮೆ ತೆಗೆದು ಗಾಳಿ ಆಡಿಸಿ.

ಹೊಸ ಚಿಗುರು ಕಂಡ ಕೂಡಲೇ ಬೇರು ಬಂತು ಅಂದುಕೊಳ್ಳಬೇಡಿ. ಕಡ್ಡಿಯಲ್ಲಿ ಉಳಿದಿರುವ ಶಕ್ತಿಯಿಂದಲೂ ಅದು ಚಿಗುರುತ್ತೆ. ಸುಮ್ನೆ ಕಿತ್ತು ನೋಡಲೂ ಬೇಡಿ. ನಾಲ್ಕರಿಂದ ಆರು ವಾರ ಬಿಟ್ಟು ಮೆಲ್ಲಗೆ ಎಳೆದಾಗ ಹಿಡಿದುಕೊಂಡರೆ ಕುಂಡಕ್ಕೆ ಹಾಕಬಹುದು. ಡಿಸೆಂಬರ್ ಚಳಿಯಲ್ಲಿ ಇನ್ನೂ ತಡ ಆಗುತ್ತೆ. ದೊಡ್ಡಪತ್ರೆಗಾದರೆ ಇಷ್ಟೆಲ್ಲ ಬೇಕಿಲ್ಲ, ಸುಮ್ಮನೆ ಚುಚ್ಚಿ.